ಓದುಗರ ಸ್ಪಂದನ: ಪಟ್ಟಿಯಲ್ಲಿ ಕೋರ್ಸ್ ಇದೆ, ನನಗೆ ಸಿಗುತ್ತಾ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೇಳಿಕೊಂಡಿದ್ದ ಸಮಸ್ಯೆ:

"ನಾನು ಕಂಪ್ಯೂಟರ್ ಸೈನ್ಸ್ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ಎಕ್ಸ್‌ಚೇಂಜ್ ಯೋಜನೆಯಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರ್ ಓದಲು ಆಯ್ಕೆಯಾಗಿದ್ದೇನೆ. ಖುಷಿಯಿಂದ ಕೋರ್ಸ್ ಪಟ್ಟಿ ತೆರೆದೆ, ತಲೆ ಕೆಟ್ಟುಹೋಯಿತು. ನೂರಾರು ಕೋರ್ಸುಗಳಿವೆ. ಇಂಗ್ಲಿಷಿನಲ್ಲಿ ಪಾಠ ನಡೆಯುವವು ಯಾವುವು ಎಂದು ಸೋಸಿದರೆ ಬೆರಳೆಣಿಕೆಯಷ್ಟು ಉಳಿಯುತ್ತವೆ. ಅವುಗಳಲ್ಲೂ ಹೆಚ್ಚಿನವು ಮಾಸ್ಟರ್ಸ್ ಮಟ್ಟದವು. ನನ್ನ ವಿಭಾಗದವರು, ಇಲ್ಲಿನ ವಿಷಯದ ಹೆಸರೇ ಅಲ್ಲೂ ಇದ್ದರೆ ಮಾತ್ರ ಕ್ರೆಡಿಟ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಆಪರೇಟಿಂಗ್ ಸಿಸ್ಟಮ್ಸ್ ನನಗೆ ಕಡ್ಡಾಯ. ಅಲ್ಲಿ ಅದು ಜರ್ಮನ್ ಭಾಷೆಯಲ್ಲಿ ಮಾತ್ರ. ಏನು ಸಿಗುತ್ತೆ, ಏನು ಸಿಗಲ್ಲ ಅಂತ ಗೊತ್ತಿಲ್ಲದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಭಯ. ಒಂದು ಸೆಮಿಸ್ಟರ್ ಕೈತಪ್ಪಿದರೆ? ಹೋಗಲೋ, ಬಿಡಲೋ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ನೀವು ನೋಡಿದ್ದು ತಪ್ಪು ಪಟ್ಟಿ ಅನಿಸುತ್ತದೆ. ಆ ದೊಡ್ಡ ಪಟ್ಟಿ ಇರುವುದು ಅಲ್ಲೇ ಪೂರ್ತಿ ಪದವಿ ಮಾಡುವವರಿಗೆ. ಒಂದೇ ಸೆಮಿಸ್ಟರಿಗೆ ಬಂದು ಹೋಗುವವರಿಗೆ ಅನೇಕ ಕಡೆ ಬೇರೆಯೇ ಪಟ್ಟಿ ಇರುತ್ತದೆ. ಅಲ್ಲಿನ ಅಂತರರಾಷ್ಟ್ರೀಯ ಕಚೇರಿಯವರನ್ನು ಕೇಳಿದರೆ ಕಳಿಸುತ್ತಾರೆ. ಅದು ಚಿಕ್ಕದು. ನೋಡಿ ಬೇಜಾರಾಗಬಹುದು. ಆದರೆ ನಂಬಬೇಕಾದ್ದು ಅದನ್ನೇ. ವೈದ್ಯಕೀಯದಂಥ ವಿಭಾಗಗಳು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿರುತ್ತವೆ. ಲ್ಯಾಬ್ ಮತ್ತು ಸೆಮಿನಾರ್‌ಗಳಲ್ಲಿ ಸೀಟು ಕಡಿಮೆ, ಅಲ್ಲಿನ ವಿದ್ಯಾರ್ಥಿಗಳಿಗೇ ಸಾಲುವುದಿಲ್ಲ.

ಜರ್ಮನಿಯಲ್ಲಿ ಬ್ಯಾಚುಲರ್ಸ್ ಪಾಠಗಳು ಹೆಚ್ಚಾಗಿ ಜರ್ಮನ್‌ನಲ್ಲೇ ನಡೆಯುತ್ತವೆ. ಇಂಗ್ಲಿಷ್ ಜಾಸ್ತಿ ಕೇಳಿಸುವುದು ಮಾಸ್ಟರ್ಸ್‌ನಲ್ಲಿ. ಹಾಗಂತ ಅದು ನಿಮಗೆ ಸಿಗುವುದೇ ಇಲ್ಲ ಎಂದುಕೊಳ್ಳಬೇಡಿ. ಮೂರನೇ ವರ್ಷದ ಎಕ್ಸ್‌ಚೇಂಜ್ ವಿದ್ಯಾರ್ಥಿಗಳನ್ನು ಮಾಸ್ಟರ್ಸ್ ತರಗತಿಗೆ ಸೇರಿಸಿಕೊಳ್ಳುವ ವಿಭಾಗಗಳಿವೆ. ಕೇಳಬೇಕು ಅಷ್ಟೇ.

ಇನ್ನು ಮುಖ್ಯವಾದದ್ದು ಮಾಡ್ಯೂಲ್ ಹ್ಯಾಂಡ್‌ಬುಕ್. ಜರ್ಮನ್‌ನಲ್ಲಿ 'ಮೋಡುಲ್‌ಹಾಂಡ್‌ಬೂಖ್'. ಪ್ರತಿ ಪದವಿಗೂ ಇಂಥದ್ದೊಂದು ಪಿಡಿಎಫ್ ಇರುತ್ತದೆ. ಉದ್ದ ನೋಡಿ ಹೆದರಬೇಡಿ, ನಿಮಗೆ ಬೇಕಾದ ಕೋರ್ಸಿಗೆ ಇರುವುದು ಒಂದೆರಡು ಪುಟ. ಪಾಠದ ವಿಷಯಗಳು, ಕ್ರೆಡಿಟ್, ಮೊದಲೇ ಗೊತ್ತಿರಬೇಕಾದ್ದು, ಪರೀಕ್ಷೆ ಲಿಖಿತವೋ ಮೌಖಿಕವೋ, ಎಲ್ಲ ಅಲ್ಲೇ ಸಿಗುತ್ತದೆ. ಅದರಲ್ಲಿ ಎರಡು ಸಾಲುಗಳನ್ನು ಕಣ್ಣಿಟ್ಟು ನೋಡಿ. ಒಂದು, ಕೋರ್ಸ್ ನಡೆಯುವುದು ಚಳಿಗಾಲದ ಸೆಮಿಸ್ಟರಿನಲ್ಲೋ ಬೇಸಿಗೆಯದ್ದರಲ್ಲೋ ಎಂಬುದು. ಚಳಿಗಾಲದ್ದು ಅಕ್ಟೋಬರ್‌ನಲ್ಲಿ ಶುರು, ಬೇಸಿಗೆಯದ್ದು ಏಪ್ರಿಲ್‌ನಲ್ಲಿ. ನೀವು ಅಕ್ಟೋಬರ್‌ಗೆ ಹೋಗಿ ಕೋರ್ಸ್ ಏಪ್ರಿಲ್‌ನದ್ದಾದರೆ ಅಲ್ಲಿಗೆ ಮುಗೀತು. ಇನ್ನೊಂದು, ಭಾಷೆಯ ಸಾಲು. 'ಜರ್ಮನ್ ಅಥವಾ ಇಂಗ್ಲಿಷ್' ಎಂದಿದ್ದರೆ ಈ ಸಲ ಯಾವುದರಲ್ಲಿ ಪಾಠ ಎಂದು ಪ್ರೊಫೆಸರಿಗೆ ಮೇಲ್ ಬರೆದು ಕೇಳಿ. ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಎಂದೂ ಅದರಲ್ಲೇ ಕೇಳಿಬಿಡಿ.

– ಇದೇ ದಾರಿಯಲ್ಲಿ ಹೋಗಿ ಬಂದವರು

*

ನೋಡಮ್ಮ, ನಾನು ಇಂಥ ಅರ್ಜಿಗಳಿಗೆ ಸಹಿ ಹಾಕುವ ಕಡೆ ಕೂತವಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

'ಹೆಸರು ಒಂದೇ ಇರಬೇಕು' ಎನ್ನುವುದು ಕೆಲಸ ಹಗುರ ಮಾಡಿಕೊಳ್ಳುವವರ ನಿಯಮ. ಯುರೋಪಿನಲ್ಲಿ ವಿದ್ಯಾರ್ಥಿಗಳನ್ನು ಬೇರೆ ದೇಶಕ್ಕೆ ಓದಲು ಕಳಿಸುವ ಎರಾಸ್ಮಸ್ ಯೋಜನೆ 1987ರಿಂದ ನಡೆಯುತ್ತಿದೆ. ಅದರಲ್ಲಿ ಹೋಗುವ ಪ್ರತಿ ವಿದ್ಯಾರ್ಥಿಯೂ ಲರ್ನಿಂಗ್ ಅಗ್ರಿಮೆಂಟ್ ಎಂಬ ಪತ್ರ ಮಾಡಿಕೊಳ್ಳಬೇಕು. ವಿದ್ಯಾರ್ಥಿ, ಕಳಿಸುವವರು, ಸೇರಿಸಿಕೊಳ್ಳುವವರು, ಮೂವರ ಸಹಿಯೂ ಬೇಕು. ಅದರಲ್ಲಿ ಎರಡು ಕೋಷ್ಟಕಗಳಿವೆ. 'ಎ'ಯಲ್ಲಿ ಅಲ್ಲಿ ಓದುವ ಕೋರ್ಸುಗಳು, 'ಬಿ'ಯಲ್ಲಿ ಅವುಗಳ ಬದಲು ಇಲ್ಲಿ ಬಿಟ್ಟುಕೊಡುವವು. ಒಂದಕ್ಕೆ ಒಂದು ಹೊಂದಲೇಬೇಕಿಲ್ಲ, ಅಲ್ಲಿನ ಒಂದು ಗುಂಪು ಇಲ್ಲಿನ ಒಂದು ಗುಂಪಿಗೆ ಸಮವಾದರೆ ಸಾಕು ಎಂದು ಅದರ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮದು ಎರಾಸ್ಮಸ್ ಅಲ್ಲದಿರಬಹುದು, ಕೇವಲ ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದವಿರಬಹುದು. ಆಗಲೂ ಆ ನಮೂನೆಯನ್ನು ಇಳಿಸಿಕೊಂಡು ನಿಮ್ಮ ವಿಭಾಗದ ಮುಖ್ಯಸ್ಥರ ಮುಂದಿಡಿ. ವಾದ ಮಾಡುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಈಗ ಆಪರೇಟಿಂಗ್ ಸಿಸ್ಟಮ್ಸ್ ವಿಚಾರ. ಅದನ್ನು ಅಲ್ಲಿ ಹುಡುಕುವುದನ್ನೇ ಬಿಡಿ. ಮುಂದಿನ ವರ್ಷ ನಿಮಗೆ ಎಲೆಕ್ಟಿವ್‌ಗಳು ಇರುತ್ತವೆ ಅಲ್ವಾ? ಅವನ್ನು ಈಗಲೇ ಅಲ್ಲಿ ಮುಗಿಸಿ. ಮೆಷೀನ್ ಲರ್ನಿಂಗ್, ಕಂಪ್ಯೂಟರ್ ವಿಷನ್, ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ ಥರದವು ಇಂಗ್ಲಿಷಿನಲ್ಲಿ ಸಿಗುವ ಸಂಭವ ಜಾಸ್ತಿ. ಕಡ್ಡಾಯ ವಿಷಯವನ್ನು ವಾಪಸ್ ಬಂದಮೇಲೆ ಕಿರಿಯರ ಜೊತೆ ಕೂತು ಮಾಡಿ. ಕ್ರೆಡಿಟ್ ಲೆಕ್ಕ ಅಷ್ಟೇ ಇರುತ್ತದೆ, ಸೆಮಿಸ್ಟರ್ ಅದಲುಬದಲಾಗುತ್ತದೆ. ಒಂದೇ ಒಂದು ಎಚ್ಚರಿಕೆ. ಮುಂದಿನ ಸೆಮಿಸ್ಟರಿನ ಯಾವ ವಿಷಯಕ್ಕೆಲ್ಲ ಆಪರೇಟಿಂಗ್ ಸಿಸ್ಟಮ್ಸ್ ಮೊದಲು ಮುಗಿದಿರಬೇಕು ಎಂದು ನೋಡಿಕೊಳ್ಳಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ಪದವಿಯೇ ತಡವಾಗುತ್ತದೆ.

ನನ್ನ ಮೇಜಿಗೆ ಅರ್ಜಿ ಬಂದಾಗ ಹೆಸರನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಏನೇನು ಪಾಠ ಆಗುತ್ತದೆ ಎಂಬುದನ್ನು. ಇಲ್ಲಿನ ಪಠ್ಯಕ್ರಮ ಎಡಕ್ಕೆ, ಅಲ್ಲಿನದು ಬಲಕ್ಕೆ, ಹೊಂದುವ ಸಾಲುಗಳ ಎದುರು ಗುರುತು. ಇಂಥ ಒಂದೇ ಹಾಳೆ ತಂದುಕೊಟ್ಟ ವಿದ್ಯಾರ್ಥಿಗೆ ಕೂತಲ್ಲೇ ಸಹಿ ಸಿಗುತ್ತದೆ. ಇಡೀ ಹ್ಯಾಂಡ್‌ಬುಕ್ ಮೇಲ್ ಮಾಡಿ 'ದಯವಿಟ್ಟು ಪರಿಶೀಲಿಸಿ' ಎಂದವರ ಅರ್ಜಿ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ. ಯಾರ ಮೇಲೂ ಸಿಟ್ಟಿಲ್ಲ, ಸಮಯ ಇಲ್ಲ ಅಷ್ಟೇ.

ಗಂಟೆಗಳ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಯುರೋಪಿನಲ್ಲಿ ಕ್ರೆಡಿಟ್ ಎಣಿಸುವ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ. ಅದರಲ್ಲಿ ತರಗತಿ, ಮನೆಯಲ್ಲಿ ಓದು, ಪರೀಕ್ಷೆಯ ತಯಾರಿ ಎಲ್ಲವೂ ಸೇರಿದೆ. 6 ಕ್ರೆಡಿಟ್ ಕೋರ್ಸ್ ಎಂದರೆ 150ರಿಂದ 180 ಗಂಟೆ. ಆದರೆ ತರಗತಿ ಮಾತ್ರ ವಾರಕ್ಕೆ ನಾಲ್ಕೇ ಗಂಟೆ ಇರಬಹುದು, ಅದೂ ಜರ್ಮನಿಯಲ್ಲಿ ಪಾಠದ ಗಂಟೆ 45 ನಿಮಿಷದ್ದು. ತರಗತಿಯ ಗಂಟೆಯನ್ನಷ್ಟೇ ಎಣಿಸುವ ಕಡೆ ಈ ಕೋರ್ಸ್ ಬಡಕಲಾಗಿ ಕಾಣುತ್ತದೆ. ಅದಕ್ಕೇ ನಿಮ್ಮ ಹಾಳೆಯಲ್ಲಿ ಒಟ್ಟು ಗಂಟೆಯನ್ನೂ ಬರೆಯಿರಿ. ಹ್ಯಾಂಡ್‌ಬುಕ್‌ನಲ್ಲೇ ಇರುತ್ತದೆ.

ಕೊನೆಗೆ, ಬೇಕಾದ್ದಕ್ಕಿಂತ ಎರಡು ಕೋರ್ಸ್ ಜಾಸ್ತಿಗೇ ಒಪ್ಪಿಗೆ ತೆಗೆದುಕೊಳ್ಳಿ. ಅಲ್ಲಿಗೆ ಹೋದಮೇಲೆ ಒಂದು ರದ್ದಾಗಿರುತ್ತದೆ, ಇನ್ನೆರಡು ಮಂಗಳವಾರ ಹತ್ತು ಗಂಟೆಗೇ ಬಿದ್ದಿರುತ್ತವೆ. ಇದು ಪ್ರತಿವರ್ಷದ ಕಥೆ. ತರಗತಿ ಶುರುವಾದ ಮೊದಲ ವಾರಗಳಲ್ಲಿ ಅಗ್ರಿಮೆಂಟ್ ಬದಲಿಸಲು ಅವಕಾಶ ಇರುತ್ತದೆ. ಮೊದಲೇ ಒಪ್ಪಿದ ಕೋರ್ಸ್ ಕೈಯಲ್ಲಿದ್ದರೆ ಆಗ ಓಡಾಟ ಇಲ್ಲ. ಎಲ್ಲವೂ ಬರಹದಲ್ಲಿರಲಿ. 'ಹೋಗಿ ಬಾ, ನೋಡೋಣ' ಎಂದವರು ನೀವು ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಇರದೇ ಹೋಗಬಹುದು.

– ಎಕ್ಸ್‌ಚೇಂಜ್ ಜವಾಬ್ದಾರಿ ಹೊತ್ತ ಅಧ್ಯಾಪಕಿ

*

ನಿಮ್ಮ ವಿಶ್ವವಿದ್ಯಾಲಯಕ್ಕೆ ಬೇರೆ ದೇಶಗಳ ಜೊತೆಗೂ ಒಪ್ಪಂದ ಇದೆಯಾ, ಕೇಳಿ. ನಾನು ಸ್ವೀಡನ್‌ಗೆ ಹೋಗಿದ್ದೆ. ಅಲ್ಲಿ ಇಂಗ್ಲಿಷ್ ಕೋರ್ಸುಗಳು ಧಾರಾಳ. ಒಂದೊಂದು ಕೋರ್ಸ್ ಸಾಮಾನ್ಯವಾಗಿ 7.5 ಕ್ರೆಡಿಟ್, ನಾಲ್ಕು ತೆಗೆದುಕೊಂಡರೆ ಸೆಮಿಸ್ಟರ್ ತುಂಬುತ್ತದೆ. ನಾನಿದ್ದ ಕಡೆ ನಾಲ್ಕನ್ನೂ ಒಟ್ಟಿಗೆ ಓದಿಸುತ್ತಿರಲಿಲ್ಲ. ಮೊದಲರ್ಧದಲ್ಲಿ ಎರಡು, ಪರೀಕ್ಷೆ, ಆಮೇಲೆ ಉಳಿದೆರಡು. ನನ್ನಂಥ ಕೊನೇ ಗಳಿಗೆಯವರಿಗೆ ಇದು ಬಹಳ ಒಳ್ಳೆಯದು. ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರುವಾಗಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಜರ್ಮನಿಯೇ ಆಗಬೇಕು ಎಂದಿಲ್ಲದಿದ್ದರೆ ಯೋಚಿಸಿ.

– ಚಳಿ ಇಷ್ಟಪಡುವವರು

*

ನನ್ನದು ಅಮೆರಿಕದ ಅನುಭವ, ನಿಮಗೆ ನೇರವಾಗಿ ಅನ್ವಯಿಸದು. ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾದೀತು.

ಅಲ್ಲಿ ಭಾಷೆಯ ತೊಂದರೆ ಇಲ್ಲ, ಬೀಗ ಇರುವುದು ಮೊದಲೇ ಮುಗಿಸಿರಬೇಕಾದ ವಿಷಯದಲ್ಲಿ, ಅಂದರೆ ಪ್ರಿರಿಕ್ವಿಸಿಟ್‌ನಲ್ಲಿ. 400ರ ಸಂಖ್ಯೆಯ ಮೇಲ್ಮಟ್ಟದ ಕೋರ್ಸ್ ಒತ್ತಿದರೆ, ಕೆಳಮಟ್ಟದ 200ರದ್ದು ಮುಗಿಸಿಲ್ಲ ಎಂದು ಕಂಪ್ಯೂಟರ್ ತಳ್ಳಿಬಿಡುತ್ತದೆ. ನೀವು ಅದೇ ಪಾಠವನ್ನು ನಿಮ್ಮ ಕಾಲೇಜಿನಲ್ಲಿ ಮುಗಿಸಿರುತ್ತೀರಿ, ಆದರೆ ಅದಕ್ಕೇನು ಗೊತ್ತು? ವಿಭಾಗಕ್ಕೆ ಬರೆದು, ಆ ತಡೆ ತೆಗೆದು ಸೇರಿಸಿಕೊಳ್ಳುವ ಅನುಮತಿ, ಅಂದರೆ ಓವರ್‌ರೈಡ್ ಕೇಳಬೇಕು. ಮೇಲ್ ಉದ್ದ ಬೇಡ. ಯಾವ ಕೋರ್ಸ್ ಬೇಕು, ಅದಕ್ಕೆ ಸಮನಾದ ಯಾವ ವಿಷಯ ಮುಗಿಸಿದ್ದೀರಿ, ಎಷ್ಟು ಅಂಕ, ಜೊತೆಗೆ ಆ ವಿಷಯದ ಪಠ್ಯಕ್ರಮದ ಒಂದು ಪುಟ. ಇಷ್ಟಿದ್ದರೆ ಉತ್ತರ ಬೇಗ ಬರುತ್ತದೆ. 'ನನಗೆ ಈ ವಿಷಯದಲ್ಲಿ ಅಪಾರ ಆಸಕ್ತಿ' ಎಂದು ಪ್ಯಾರಾಗಟ್ಟಲೆ ಬರೆದರೆ ಸುಮ್ನೆ ವೇಸ್ಟ್.

ಕಂಪ್ಯೂಟರ್ ಸೈನ್ಸ್ ಸೀಟುಗಳು ಬೇಗ ತುಂಬುತ್ತವೆ. ವೇಯ್ಟ್‌ಲಿಸ್ಟ್‌ಗೆ ಹೆಸರು ಹಾಕಿ ಮೊದಲ ದಿನದಿಂದಲೇ ತರಗತಿಗೆ ಹೋಗಿ. ಕೋರ್ಸ್ ಸೇರಲು, ಬಿಡಲು ಅವಕಾಶವಿರುವ ಆರಂಭದ ಆ್ಯಡ್-ಡ್ರಾಪ್ ದಿನಗಳಲ್ಲಿ ಎಷ್ಟೋ ಜನ ಬಿಟ್ಟು ಹೋಗುತ್ತಾರೆ. ಆದರೆ ನೀವು ಬಿಡುವಾಗ ಜೋಪಾನ. ಪದವಿ ಮಟ್ಟದಲ್ಲಿ ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್ ಬೇಕು. ಅದಕ್ಕಿಂತ ಕೆಳಗಿಳಿದರೆ ಪ್ರಶ್ನೆ ಬರುವುದು ವೀಸಾದ್ದು.

– ಈಗ ಕೆಲಸದಲ್ಲಿರುವ ಹಳೇ ವಿದ್ಯಾರ್ಥಿ

*

ಎಲ್ಲರೂ ಕೋರ್ಸಿನ ಬಗ್ಗೆ ಬರೆಯುತ್ತಾರೆ, ನಾನು ಕ್ಯಾಲೆಂಡರ್ ಬಗ್ಗೆ ಬರೆಯುತ್ತೇನೆ. ನನ್ನ ಮಗ ಜರ್ಮನಿಗೆ ಹೋಗಿದ್ದ. ಅಲ್ಲಿ ಚಳಿಗಾಲದ ಪಾಠಗಳು ಫೆಬ್ರುವರಿ ಹೊತ್ತಿಗೆ ಮುಗಿಯುತ್ತವೆ. ಪರೀಕ್ಷೆ ಇರುವುದು ಅದರ ಆಸುಪಾಸಿನಲ್ಲಿ, ಕೆಲವು ಇನ್ನೂ ಆಚೆಗೆ. ಸೆಮಿಸ್ಟರ್ ಕಾಗದದ ಮೇಲೆ ಮಾರ್ಚ್ 31ರವರೆಗೂ ಇರುತ್ತದೆ. ಅವನ ಕಾಲೇಜಿನಲ್ಲಿ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ಶುರುವಾಯಿತು. ಕಳಿಸಿದವರೇ ಅವರು, ಆದರೂ ಹಾಜರಾತಿ ಕಡಿಮೆ ಎಂದು ನೋಟಿಸ್ ಕೊಟ್ಟವರೂ ಅವರೇ! ಕೊನೆಗೆ ಒಬ್ಬ ಪ್ರೊಫೆಸರ್ ಮುಂಚಿತವಾಗಿ ಮೌಖಿಕ ಪರೀಕ್ಷೆ ಮಾಡಿದರು, ಇನ್ನೊಬ್ಬರು ಆಗುವುದಿಲ್ಲ ಎಂದರು.

ತಂದೆಯಾಗಿ ನಾನು ಹೇಳುವುದು ಇಷ್ಟೇ, ಅಮ್ಮಾ. ಪ್ರತಿ ಕೋರ್ಸಿನ ಎದುರು ಪರೀಕ್ಷೆ ಯಾವ ತಿಂಗಳು ಎಂದು ಬರೆದುಕೊ. ತಡವಾಗಿ ಬರುವುದಕ್ಕೆ ಹಾಜರಾತಿ ವಿನಾಯಿತಿ ಪತ್ರವನ್ನು ವಿಮಾನ ಹತ್ತುವ ಮೊದಲೇ ತೆಗೆದುಕೋ. ಇನ್ನೊಂದು, ಜರ್ಮನಿಯಲ್ಲಿ ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಎಲ್ಲ ತರಗತಿಗೂ ಹೋಗಿ, ಹೆಸರು ಕೊಡುವ ಗಡುವು ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

– ಒಬ್ಬ ತಂದೆ

*

ಮೇಲಿನವರೆಲ್ಲ ಏನು ಬರೆದಿರುತ್ತಾರೆ ಎಂದು ಊಹಿಸಬಲ್ಲೆ. ಕ್ರೆಡಿಟ್, ಕ್ರೆಡಿಟ್, ಕ್ರೆಡಿಟ್. ನನ್ನ ಮಾತು ಸ್ವಲ್ಪ ಬೇರೆ.

30 ಕ್ರೆಡಿಟ್ಟೂ ಇಲ್ಲಿನ ವಿಷಯಗಳಿಗೇ ಹೊಂದಬೇಕು ಎಂದು ಹೊರಟರೆ, ಇಲ್ಲೇ ಸಿಗುವ ಪಾಠವನ್ನು ಅಷ್ಟು ದೂರ ಹೋಗಿ ಕೇಳಿ ಬಂದ ಹಾಗಾಗುತ್ತದೆ. ಒಂದಾದರೂ ಬೇರೆ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಜರ್ಮನ್ ಭಾಷೆಯ ಕೋರ್ಸ್ ಅನೇಕ ಕಡೆ ಇರುತ್ತದೆ, ಅದಕ್ಕೆ ಕ್ರೆಡಿಟ್ಟೂ ಉಂಟು. ನಿಮ್ಮ ವಿಭಾಗ ಒಪ್ಪದಿದ್ದರೂ ಅಂಕಪಟ್ಟಿಯಲ್ಲಿ ಇರುತ್ತದಲ್ಲ. ನಾನು ಎಂಜಿನಿಯರಿಂಗ್ ಓದುತ್ತಾ ಅಲ್ಲಿ ವಿಜ್ಞಾನದ ಇತಿಹಾಸದ ಸೆಮಿನಾರ್ ಸೇರಿದ್ದೆ. ಹತ್ತು ಹನ್ನೆರಡು ಜನ ದುಂಡಗೆ ಕೂರುತ್ತಿದ್ದೆವು. ಪ್ರತಿ ವಾರ ಒಬ್ಬರು ಮಂಡಿಸಬೇಕು, ಉಳಿದವರು ಅದನ್ನು ಎಳೆದಾಡಬೇಕು. ಪ್ರೊಫೆಸರ್ ಬಾಯಿ ಬಿಡುವುದೇ ಅಪರೂಪ. ಅವರ ಮಾತನ್ನು ಒಬ್ಬ ಹುಡುಗಿ ಮುಖದ ಮೇಲೇ ಒಪ್ಪುವುದಿಲ್ಲ ಎಂದಾಗ ಅವರು ಪೆನ್ನು ತೆಗೆದು ಬರೆದುಕೊಂಡರು. ನನಗೆ ಆ ಕೋರ್ಸಿನಿಂದ ಇಲ್ಲಿ ಒಂದು ಕ್ರೆಡಿಟ್ಟೂ ಸಿಗಲಿಲ್ಲ. ಬೇಜಾರೂ ಆಗಲಿಲ್ಲ.

ಒಂದು ವಿಷಯ ಉಳಿದರೆ ಬಂದು ಬರೆದರಾಯಿತು. ಹೋಗಿ.

– ಕ್ರೆಡಿಟ್ ಲೆಕ್ಕ ಬಿಟ್ಟವಳು

*

ಒಂದು ಚಿಕ್ಕ ಸೇರ್ಪಡೆ. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಕಷ್ಟಪಟ್ಟು ಪಾಸು, 5.0 ಎಂದರೆ ಫೇಲ್. ನನಗೆ ಗೊತ್ತಿರುವ ಹುಡುಗನೊಬ್ಬ 1.3 ತಂದಿದ್ದ. ಇಲ್ಲಿನ ಗುಮಾಸ್ತರು ಹತ್ತಕ್ಕೆ 1.3 ಎಂದುಕೊಂಡು, 'ಪರವಾಗಿಲ್ಲಪ್ಪ, ಮುಂದಿನ ಸಲ ಚೆನ್ನಾಗಿ ಬರಿ' ಎಂದು ಸಮಾಧಾನ ಹೇಳಿ ಕಳಿಸಿದರಂತೆ.

ಅಂಕಗಳನ್ನು ಇಲ್ಲಿಗೆ ಹೇಗೆ ಬದಲಿಸುತ್ತಾರೆ ಎಂದು ಹೋಗುವ ಮುಂಚೆಯೇ ಕೇಳಿ. ಪಾಸು-ಫೇಲ್ ಅಂತ ಮಾತ್ರ ದಾಖಲಿಸುವ ಪದ್ಧತಿ ಇದ್ದರೆ, ಕಷ್ಟದ ಮಾಸ್ಟರ್ಸ್ ಕೋರ್ಸನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಅಂಕ ಸರಾಸರಿಗೆ ಸೇರುತ್ತದೆ ಎಂದಾದರೆ ಯೋಚಿಸಿ. ವಾಪಸ್ ಬರುವಾಗ ಅಂಕಪಟ್ಟಿಯ ಜೊತೆ ಗ್ರೇಡ್ ಹಂಚಿಕೆಯ ಕೋಷ್ಟಕವನ್ನೂ ಕೇಳಿ ಪಡೆಯಿರಿ. ಅಲ್ಲಿ ಶೇಕಡಾ ಎಷ್ಟು ಜನರಿಗೆ ಯಾವ ಗ್ರೇಡ್ ಬಂದಿದೆ ಎಂದು ಅದರಲ್ಲಿರುತ್ತದೆ. ಅದನ್ನು ಅಂಕಪಟ್ಟಿಗೆ ಪಿನ್ ಹೊಡೆದೇ ಕೌಂಟರಿಗೆ ಕೊಡಿ.

– ಪರೀಕ್ಷಾ ವಿಭಾಗದ ನಿವೃತ್ತರು