ಮುಚ್ಚಳದ ಮೇಲೆ ಹಡಗಿದ್ದರೆ ತಿಮಿಂಗಿಲದ ಹಲ್ಲೇ? – ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಹಳೆ ಸಾಮಾನು ಗುಂಪಿನಲ್ಲಿ ಪುಟ್ಟ ಡಬ್ಬಿಗಳ ಸರದಿ. ಮುಚ್ಚಳದ ಬಿಳಿ ಹಲಗೆಯಲ್ಲಿ ಕಪ್ಪು ಗೆರೆಯ ಚಿತ್ರ ಇರುತ್ತದಲ್ಲ, ಅಂಥವು. ವಸ್ತುಸಂಗ್ರಹಾಲಯದಲ್ಲಿ ದಂತ, ಮರದ ಸಾಮಾನು ದುರಸ್ತಿ ಮಾಡುತ್ತಿದ್ದ ಮೇಡಂ ಉತ್ತರ ಕೊಡುತ್ತಾರೆ. ಫೋಟೊ ಬೆಳಕಿನಲ್ಲಿ ತೆಗೆದು ಹಾಕಿ.

ಬೈತಖೋಲ ಹುಡುಗ: ಮೇಡಂ, ಹಡಗಿನಲ್ಲಿ ಕೆಲಸಕ್ಕಿದ್ದ ಮಾವ ತಂದದ್ದು. ಮೂರು ಕಂಬದ ಹಾಯಿಹಡಗು, ಕೆಳಗೆ 1842 ಅಂತ ಇದೆ. ಸ್ಕ್ರಿಮ್‌ಶಾ ಅಲ್ವಾ?

ಮೇಡಂ: ಅಲ್ಲ. ರೆಸಿನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್, ಅಚ್ಚಿಗೆ ಹೊಯ್ದದ್ದು. ಅಂಚಿನಲ್ಲಿ ಅಚ್ಚಿನ ಗೆರೆ, ಒಳಗೆ ಗಾಳಿಗುಳ್ಳೆ ಎರಡೂ ಕಾಣುತ್ತಿವೆ. ತಿಮಿಂಗಿಲ ಬೇಟೆಯ ನಾವಿಕರು 19ನೇ ಶತಮಾನದಲ್ಲಿ ಹಲ್ಲಿನ ಮೇಲೆ ಸೂಜಿಯಿಂದ ಗೀಚಿ ಮಸಿ ತುಂಬುತ್ತಿದ್ದರು, ಅದು ಸ್ಕ್ರಿಮ್‌ಶಾ. ಹಲ್ಲು ದುಂಡಗಿರುತ್ತದೆ, ಬುಡದಲ್ಲಿ ಟೊಳ್ಳು. ಅಂಗೈ ಅಗಲದ ಚಪ್ಪಟೆ ಮುಚ್ಚಳ ಒಂದೇ ತುಂಡಾಗಿ ಅದರಿಂದ ಏಳುವುದಿಲ್ಲ. 1842 ಚಿತ್ರದ ಭಾಗ, ಡಬ್ಬಿಯ ಜನ್ಮದಿನ ಅಲ್ಲ. ಬಿಜಾಗರಿಯಲ್ಲಿ ಪ್ಲಸ್ ತಲೆಯ ಸ್ಕ್ರೂ ಇದೆ. ಅದು ಬಂದದ್ದೇ 1930ರ ದಶಕದಲ್ಲಿ.

ಗೋಕರ್ಣ ಅಂಗಡಿ: ನನ್ನದೂ ನೋಡಿ. ನವಿಲಿನ ಚಿತ್ರ. ದಂತ ಅಂತ ಹೇಳಿ ಕೊಟ್ಟರು.

ಮೇಡಂ: ಎಲುಬು. ಲೆನ್ಸ್‌ನಲ್ಲಿ ನೋಡಿ, ಸಣ್ಣ ಕಪ್ಪು ಚುಕ್ಕಿ, ಗೀರು ಸಿಗುತ್ತವೆ. ಉತ್ತರ ಪ್ರದೇಶದ ಸಂಭಲ್ ಕಡೆ ಈಗಲೂ ಮಾಡುತ್ತಾರೆ.

ಕುಮಟಾದ ಸೊಸೆ: ಮೇಡಂ, ಅತ್ತೆಯ ಕುಂಕುಮದ ಕರಡಿಗೆ ನಾಗಂದಿಗೆಯ ಮೇಲೆ ಸಿಕ್ಕಿತು. ತೆಳು ಬಿಳಿ ಹಾಳೆ, ಸುತ್ತ ಕಪ್ಪು ಬಳ್ಳಿ. ತೆಗೆದರೆ ಶ್ರೀಗಂಧದ ವಾಸನೆ. ಸ್ಯಾನಿಟೈಸರ್ ಹಾಕಿ ಒರೆಸಿದೆ, ಹತ್ತಿಗೆ ಕಪ್ಪು ಬಂತು.

ಮೇಡಂ: ಅಯ್ಯೋ, ನಿಲ್ಲಿಸಿ. ಈಗಲೇ. ಹತ್ತಿಗೆ ಬಂದದ್ದು ಕೊಳೆ ಅಲ್ಲ, ಚಿತ್ರ. ಗೀಚಿದ ಗೆರೆಯಲ್ಲಿ ಕಪ್ಪು ಅರಗು ತುಂಬಿದ್ದಾರೆ, ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್‌ಗೆ ಅರಗು ಕರಗುತ್ತದೆ. ನೀರೂ ಬೇಡ, ದಂತ ನೀರು ಕುಡಿದು ಡೊಂಕಾಗಿ ಸೀಳುತ್ತದೆ. ಒಣ ಮೆತ್ತನೆ ಕುಂಚ ಸಾಕು.
ನನಗೆ ಇದು ವಿಶಾಖಪಟ್ಟಣದ ಕೆಲಸ ಅನಿಸುತ್ತಿದೆ. ಅಲ್ಲಿ 18ನೇ ಶತಮಾನದಿಂದಲೇ ದಂತದ ಹಾಳೆಯನ್ನು ಮರಕ್ಕೆ ಹೊದಿಸಿ, ಗೀಚಿ, ಅರಗು ತುಂಬಿ ಕಂಪನಿಯ ಸಾಹೇಬರಿಗೆ ಮಾರುತ್ತಿದ್ದರು. 19ನೇ ಶತಮಾನದಲ್ಲಿ ಶ್ರೀಗಂಧದ ಮೇಲೆ ಜಾಸ್ತಿ. ನಿಮ್ಮ ಹಾಳೆಯ ಅಂಚಿನಲ್ಲಿ ಪುಟ್ಟ ಮೊಳೆಗಳೂ ಇವೆ. ಬಳ್ಳಿಯ ಗೆರೆ ಒಂದೇ ದಪ್ಪ ಇಲ್ಲ, ಕೈ ನಿಂತ ಕಡೆ ಆಳ ಇದೆ. ಯಂತ್ರಕ್ಕೆ ಇದು ಬರುವುದಿಲ್ಲ. ಬಿಜಾಗರಿಯ ಹತ್ತಿರದ ಫೋಟೊ ಬೇಕು.

ಸಾಗರದ ಅಳಿಯ: ಶ್ರೀಗಂಧ ಅಂದಮೇಲೆ ಅದನ್ನು ಕೆತ್ತುವ ನಮ್ಮ ಗುಡಿಗಾರರದ್ದೇ. ವಿಶಾಖಪಟ್ಟಣ ಯಾಕೆ ಬೇಕು?

ಹೊನ್ನಾವರ ಕಾಕಾ: ಗುಡಿಗಾರರು ಬರೀ ನಿಮ್ಮ ಸಾಗರದಲ್ಲಿ ಇದ್ದಾರಾ? ಕುಮಟಾ, ಶಿರಸಿ, ನಮ್ಮೂರು ಎಲ್ಲಿ ಹೋಯಿತು?

ಸಾಗರದ ಅಳಿಯ: ಹೆಸರು ಯಾರದ್ದು ಅಂತ ಕೇಳಿ ನೋಡಿ.

ಹೊನ್ನಾವರ ಕಾಕಾ: ಅಳಿಯ ಆಗಿ ಹೋದವರಿಗೆ ಇಷ್ಟು ಅಭಿಮಾನವೇ!

ಮೇಡಂ: ಗುಡಿಗಾರರದ್ದು ಉಬ್ಬು ಕೆತ್ತನೆ. ಇದು ಗೀಚಿದ್ದು. ಊರಿನ ಜಗಳ ಬೇರೆ ಕಡೆ ಮಾಡಿ.

ಯಲ್ಲಾಪುರ ಭಾವ: ನನಗೆ ಬಂದ ಫಾರ್ವರ್ಡ್ ಹಾಕುತ್ತಿದ್ದೇನೆ: ಸೂಜಿ ಕೆಂಪಗೆ ಕಾಯಿಸಿ ಚುಚ್ಚಿ, ಕರಗಿದರೆ ಪ್ಲಾಸ್ಟಿಕ್, ಇಲ್ಲದಿದ್ದರೆ ದಂತ. ಹಳದಿಯಾಗಿದ್ದರೆ ನಿಂಬೆಹಣ್ಣು, ಟೂತ್‌ಪೇಸ್ಟ್.

ಮೇಡಂ: ಮಾಡಬೇಡಿ. ಸೆಲ್ಯುಲಾಯ್ಡ್ ಎಂಬ ಹಳೆ ಪ್ಲಾಸ್ಟಿಕ್ ಆಗಿದ್ದರೆ ಸೂಜಿಗೆ ಭಗ್ಗನೆ ಉರಿಯುತ್ತದೆ. 1870ರ ದಶಕದಿಂದ ಅದರಲ್ಲಿ ದಂತದ ನಕಲು ಬಂದಿದೆ. ದಂತ ಆಗಿದ್ದರೆ ನೀವೇ ತೂತು ಮಾಡಿದ ಹಾಗೆ. ನಿಂಬೆಹುಳಿ ದಂತವನ್ನು ತಿನ್ನುತ್ತದೆ. ಫಾರ್ವರ್ಡ್ ಕಳಿಸಿದವರ ಹಲ್ಲಿಗೆ ಮೊದಲು ಚುಚ್ಚಿ ನೋಡಿ.

ಯಲ್ಲಾಪುರ ಭಾವ: ಸುಮ್ನೆ ಹಂಚಿಕೊಂಡೆ. ಸಿಟ್ಟು ಯಾಕೆ?

ಅಂಕೋಲಾ: ದಂತ ಆಗಿದ್ದರೆ ಎಷ್ಟಕ್ಕೆ ಹೋಗಬಹುದು?

ಮೇಡಂ: ಮಾರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ವಾರಸಾಗಿ ಬಂದಿದ್ದರೂ 90 ದಿನದೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕುಮಟಾದವರೇ, ಅತ್ತೆಯವರ ಬಳಿ ಮಾಲೀಕತ್ವದ ಪತ್ರ ಇದೆಯಾ ಕೇಳಿ.

ಕಾರವಾರ ಟೀಚರ್: ಆನೆದಂತ ಅಂತ ಹೇಗೆ ಗೊತ್ತಾಗುತ್ತದೆ? ತಿಮಿಂಗಿಲದ ಹಲ್ಲೂ ಬೆಳ್ಳಗೇ ಇರುತ್ತದಲ್ಲ?

ಅಂಕೋಲಾ: ಮಾರುವುದಿಲ್ಲ, ಸುಮ್ನೆ ಒಂದು ಅಂದಾಜು ಹೇಳಿ.

ಮೇಡಂ: ಹೇಳಿದ್ದಾಯಿತು.

ಬೈತಖೋಲ ಹುಡುಗ: ರೆಸಿನ್ ಆದರೂ ಹಳೇದಲ್ವಾ?

ಮೇಡಂ: ಮೇಲೆ ಓದಿ.

ಹೊನ್ನಾವರ ಕಾಕಾ: ಪಾಪ, ಹುಡುಗ ಕೇಳಿದ್ದಕ್ಕೆ ಸರಿಯಾಗಿ ಹೇಳಬಹುದಿತ್ತು.

ಸಾಗರದ ಅಳಿಯ: ಕಾಕಾ, ನೀವೇ ಹೇಳಿಬಿಡಿ. ಗುಡಿಗಾರರ ಬಗ್ಗೆಯೂ ನಿಮಗೇ ಗೊತ್ತಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಕುಮಟಾದ ಸೊಸೆ: ಮೇಡಂ, ಪತ್ರದ ವಿಷಯ ಅತ್ತೆಗೆ ಗೊತ್ತಿಲ್ಲವಂತೆ, ನಾಳೆ ಹುಡುಕುತ್ತಾರೆ. ಬಿಜಾಗರಿ ಫೋಟೊದಲ್ಲಿ ಸರಿ ಕಾಣಲಿಲ್ಲ, ಅದಕ್ಕೆ ಒಂದು ಸ್ಕ್ರೂ ಬಿಚ್ಚಿದೆ. ತಲೆಯ ಗೀರು ಒಂದು ಬದಿಗೆ ಸರಿದಿದೆ. ತುದಿ ಚೂಪಿಲ್ಲ, ಮೊಂಡ.

ಮೇಡಂ: ಬಿಚ್ಚಿ ಅಂತ ಯಾರು ಹೇಳಿದರು? ಫೋಟೊ ಅಂದಿದ್ದೆ!
ಮೊಂಡವೇ? ಚೂಪು ತುದಿಯ ಯಂತ್ರದ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ಬಿಜಾಗರಿ ಆಮೇಲೆ ಬದಲಾಯಿಸಿದ್ದಲ್ಲ ಅಂತಾದರೆ ನಿಮ್ಮದು ಅದಕ್ಕಿಂತ ಹಿಂದಿನದಿರಬಹುದು. ಸ್ಕ್ರೂ ತೆಗೆದ ತೂತಿನ ಸುತ್ತ ಬೇರೆ ಹಳೆ ತೂತು ಇದೆಯಾ, ಟಾರ್ಚ್ ಹಿಡಿದು ನೋಡಿ. ಇನ್ನೊಂದು ಸ್ಕ್ರೂ ಮುಟ್ಟಬೇಡಿ.