ಹೆರಿಗೆ ಹೊತ್ತಿನ ಫೋಟೋ: ತೆಗೆದವರು, ತೆಗೆಸಿಕೊಂಡವರು ಸ್ವಲ್ಪ ಹೇಳಿ

ಡೊಂಬಿವಲಿಯಿಂದ, ಕೇಳುತ್ತಿರುವವಳು

ನನಗೆ ಈಗ 34 ವಾರ. ಮೊದಲ ಬಸಿರು. ವಾಡಿಕೆಯಂತೆ ಕುಂದಾಪುರಕ್ಕೆ, ತವರಿಗೆ ಹೋಗಬೇಕಿತ್ತು. ಬಿಪಿ ಸ್ವಲ್ಪ ಜಾಸ್ತಿ ಇದೆ, ಅಷ್ಟು ದೂರ ಪ್ರಯಾಣ ಬೇಡ ಅಂದರು ಡಾಕ್ಟರು. ಹಾಗಾಗಿ ಅಮ್ಮನೇ ಮತ್ಸ್ಯಗಂಧ ರೈಲು ಹತ್ತಿ ಬಂದು ಠಾಣೆಯಲ್ಲಿ ಇಳಿಯುತ್ತಾರೆ. ಅಪ್ಪನಿಗೆ ಮಂಡಿನೋವು, ಬರುವ ಹಾಗಿಲ್ಲ. "ನನಗೆ ಫೋಟೋ ಆದರೂ ಕಳಿಸಿ" ಅಂತ ದಿನಾ ಫೋನಿನಲ್ಲಿ ಹೇಳುತ್ತಾರೆ.

ಇವರಿಗೆ ಮೊದಲೇ ಕ್ಯಾಮೆರಾ ಹುಚ್ಚು. ಹೆರಿಗೆ ಕೋಣೆಗೇ ಬಂದು ಎಲ್ಲಾ ತೆಗೆಯುತ್ತೇನೆ ಅನ್ನುತ್ತಾರೆ. ಅತ್ತೆ ಮಾತ್ರ "ಹೆರುವುದನ್ನು ಯಾರಾದರೂ ಫೋಟೋ ಹೊಡೆಸಿಕೊಳ್ಳುತ್ತಾರಾ" ಅಂತ ಮುಖ ತಿರುಗಿಸಿದ್ದಾರೆ. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ, ಅದೇ ಕಷ್ಟ. ಗಂಡ ತೆಗೆಯುವುದು ಒಳ್ಳೆಯದಾ, ಫೋಟೋಗ್ರಾಫರನ್ನು ಕರೆಸುವುದಾ? ನರ್ಸಿಂಗ್ ಹೋಮ್‌ನವರು ಒಪ್ಪುತ್ತಾರಾ? ಏನನ್ನು ತೆಗೆಯಬೇಕು, ಏನು ಬೇಡ? ಮುಂಬೈ, ಪುಣೆ ಕಡೆ ಮಾಡಿಸಿಕೊಂಡವರಿದ್ದರೆ ಹೇಳಿ.

ಮುಲುಂಡ್‌ನಿಂದ, ಎರಡು ವರ್ಷದ ಮಗಳ ಅಪ್ಪ

ನಾನೂ ನಿಮ್ಮ ಯಜಮಾನರ ಜಾತಿಯವನೇ. ಹೆರಿಗೆಗೆ ಎಂದೇ ಹೊಸ ಲೆನ್ಸ್ ತಗೊಂಡಿದ್ದೆ. ಡಾಕ್ಟರು ಮೊದಲೇ ಒಪ್ಪಿದ್ದರು. ನಾರ್ಮಲ್ ಹೆರಿಗೆ, ಸುಮಾರು 14 ಗಂಟೆ ನೋವು. ನಾನು 400ಕ್ಕೂ ಜಾಸ್ತಿ ಫೋಟೋ ಹೊಡೆದೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೋದಲ್ಲಿ ಸೀರೆ ಅಂಚಿನ ಹಾಗೆ ಅಡ್ಡಡ್ಡ ಕಪ್ಪು ಪಟ್ಟೆ.

ಕಾರಣ ಆಮೇಲೆ ಗೊತ್ತಾಯಿತು. ಸದ್ದಾಗಬಾರದು ಅಂತ ನಾನು ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೆ. ಅದರಲ್ಲಿ ಚಿತ್ರ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ದಾಖಲಾಗುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಅಂದರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಎಲ್ಲಾ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ವೇಗ 1/100 ಅಥವಾ 1/50 ಸೆಕೆಂಡ್ ಇಟ್ಟರೆ ಈ ಪಟ್ಟೆ ಬಹುತೇಕ ಬರುವುದಿಲ್ಲ. ನಾನು 1/500ರಲ್ಲಿ ಇಟ್ಟಿದ್ದೆ, ಮಗು ಓಡಿಹೋಗುತ್ತದೇನೋ ಅನ್ನುವ ಹಾಗೆ.

ಅದು ಹೋಗಲಿ. ದೊಡ್ಡ ತಪ್ಪು ಬೇರೆ. ನೋವು ಜೋರಾದಾಗ ಹೆಂಡತಿ ನನ್ನ ಕೈ ಹುಡುಕಿದ್ದಾಳೆ. ಸಿಕ್ಕಿದ್ದು ಕ್ಯಾಮೆರಾದ ಬೆಲ್ಟು. ಅದನ್ನೇ ಹಿಡಿದು ಎಳೆದಳು, ನನ್ನ ಕುತ್ತಿಗೆ ಮುಂದಕ್ಕೆ ಬಂತು, ಸಿಸ್ಟರ್ ನಕ್ಕುಬಿಟ್ಟರು. ನನಗೆ ಈಗಲೂ ನಗು ಬರುವುದಿಲ್ಲ. ಒಳಗೆ ಒಬ್ಬರನ್ನೇ ಬಿಡುವುದಾದರೆ, ಆ ಒಬ್ಬರ ಕೈ ಖಾಲಿ ಇರಲಿ ಅಂತ ನನ್ನ ಅಭಿಪ್ರಾಯ.

ಚೆಂಬೂರಿನಿಂದ, ನಿವೃತ್ತ ಸಿಸ್ಟರ್

ತಂಗೀ, ನಾನು ಮೂವತ್ತು ವರ್ಷ ಲೇಬರ್ ರೂಮಿನಲ್ಲಿ ನಿಂತವಳು. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಮೊದಲನೆಯದು, ಅನುಮತಿ ನೋವು ಬಂದ ಮೇಲೆ ಕೇಳುವುದಲ್ಲ. ಈಗಲೇ, ಚೆಕಪ್‌ಗೆ ಹೋದಾಗ ಕೇಳಬೇಕು. ಅದೂ ನಿಮ್ಮ ಡಾಕ್ಟರನ್ನು ಮಾತ್ರ ಅಲ್ಲ. ಸಿಸೇರಿಯನ್ ಆದರೆ ಅರಿವಳಿಕೆ ಕೊಡುವ ಅನಸ್ತೇಷಿಯಾ ಡಾಕ್ಟರೂ ಇರುತ್ತಾರೆ, ಮಕ್ಕಳ ಡಾಕ್ಟರೂ ಇರುತ್ತಾರೆ. ಅವರಲ್ಲಿ ಒಬ್ಬರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಫೋಟೋಗೆ ಹೂಂ ಅಂದವರು ವಿಡಿಯೋಗೆ ಉಹೂಂ ಅನ್ನಬಹುದು. ಅದು ಬೇರೆ ಮಾತು, ಬೇರೆಯಾಗಿಯೇ ಕೇಳಿ.

ದೊಡ್ಡ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಾದರೆ ಒಂದೇ ಕೋಣೆಯಲ್ಲಿ ನಾಲ್ಕಾರು ಹೆಂಗಸರು ನೋವು ತಿನ್ನುತ್ತಿರುತ್ತಾರೆ. ಅಲ್ಲಿ ಫೋನ್ ಹೊರಗೆ ತೆಗೆಯಲೇಬಾರದು. ನಿಮ್ಮ ಫೋಟೋದ ಮೂಲೆಯಲ್ಲಿ ಇನ್ನೊಬ್ಬಳ ಕಾಲು ಬಂದರೆ ಅವಳನ್ನು ಯಾರು ಕೇಳಿದ್ದು? ಹೆರಿಗೆ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಸಾಮಾನ್ಯವಾಗಿ ಹೆತ್ತ ಅನುಭವ ಇರುವ ಹೆಂಗಸು. ಮರೆ ಇರುವ ಕಡೆ ಗಂಡನೂ ಆಗಬಹುದು. ಆದರೆ ಅದು ಸೊಂಟ ನೀವುವುದಕ್ಕೆ, ಧೈರ್ಯ ಹೇಳುವುದಕ್ಕೆ. ಕ್ಯಾಮೆರಾಕ್ಕಲ್ಲ.

ಫ್ಲ್ಯಾಶ್ ಬೇಡವೇ ಬೇಡ. ಸೂಜಿ ಹಿಡಿದಿರುವ ಡಾಕ್ಟರ ಕಣ್ಣಿಗೆ ಹೊಡೆಯುತ್ತದೆ. ನೀಲಿ, ಹಸಿರು ಬಟ್ಟೆ ಹಾಸಿರುವ ಕಡೆ ಕೈ ತಾಗಿಸಬೇಡಿ, ಅದು ಸ್ಟೆರೈಲ್, ಕ್ರಿಮಿ ಇರದ ಹಾಗೆ ಮಾಡಿಟ್ಟದ್ದು. ತಾಯಿಯ ತಲೆ ಕಡೆಯಿಂದ ತೆಗೆಯಿರಿ. ಅಲ್ಲಿಂದ ಅವಳ ಮುಖ ಕಾಣುತ್ತದೆ, ಮಗುವನ್ನು ಎದೆ ಮೇಲೆ ಮಲಗಿಸಿದ್ದು ಕಾಣುತ್ತದೆ. ಕಾಣಬಾರದ್ದು ಕಾಣುವುದಿಲ್ಲ. ನಿಮ್ಮ ಅತ್ತೆಗೂ ಇದನ್ನು ಹೇಳಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಇನ್ನೊಂದು. ಹುಟ್ಟಿದ ಮಗು ಜಾಹೀರಾತಿನ ಮಗುವಿನ ಹಾಗೆ ಇರುವುದಿಲ್ಲ. ಮೈಮೇಲೆ ಬೆಣ್ಣೆ ಮೆತ್ತಿದ ಹಾಗೆ ಬಿಳೀ ಪದರ, ಅಲ್ಲಲ್ಲಿ ರಕ್ತ, ತಲೆ ಒಮ್ಮೊಮ್ಮೆ ಉದ್ದ. ಕೈಕಾಲು ನೀಲಿಯಾಗಿರುವುದೂ ಮೊದಮೊದಲು ಸಹಜ. ಹೊಕ್ಕುಳಬಳ್ಳಿಯನ್ನು ಈಗ ಹುಟ್ಟಿದ ಕೂಡಲೇ ಕತ್ತರಿಸುವುದಿಲ್ಲ. ಎಲ್ಲ ಸರಿ ಇದ್ದರೆ ಒಂದು ನಿಮಿಷವಾದರೂ ಕಾಯುತ್ತಾರೆ. ತೆಗೆಯುವವರಿಗೆ ಒಳ್ಳೆಯ ಹೊತ್ತು ಅದೇ, ಗಡಿಬಿಡಿ ಇಲ್ಲ. ಆದರೆ ಮಗು ಅಳದೆ ಇದ್ದರೆ, ಎತ್ತಿಕೊಂಡು ವಾರ್ಮರ್ (ಮಗುವನ್ನು ಬೆಚ್ಚಗಿಡುವ ಯಂತ್ರ) ಕಡೆ ಓಡಿದರೆ, ಫೋನ್ ಜೇಬಿಗೆ ಹಾಕಿ ಗೋಡೆಗೆ ಆತು ನಿಲ್ಲಿ. ಒಬ್ಬ ಮಹಾರಾಯ ಆ ಹೊತ್ತಿನಲ್ಲೂ ನನ್ನ ಭುಜದ ಮೇಲಿಂದ ಫೋನ್ ಚಾಚಿದ್ದ. ನಾನು ಅವನಿಗೆ ಏನಂದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಸಿಸೇರಿಯನ್ ಆದರೆ ಅನೇಕ ಕಡೆ ಗಂಡನನ್ನು ಓಟಿಗೆ, ಅಂದರೆ ಆಪರೇಷನ್ ಕೋಣೆಗೆ, ಬಿಡುವುದಿಲ್ಲ. ಆಗ ಒಂದು ಉಪಾಯ: ಅನಸ್ತೇಷಿಯಾ ಡಾಕ್ಟರು ತಲೆ ಕಡೆಯೇ ಕೂತಿರುತ್ತಾರೆ. ಮೊದಲೇ ವಿನಯವಾಗಿ ಕೇಳಿಟ್ಟರೆ, ತಾಯಿ ಮಗು ಇಬ್ಬರೂ ಆರಾಮ ಇದ್ದರೆ, ಒಂದೆರಡು ಫೋಟೋ ತೆಗೆದುಕೊಡುವವರಿದ್ದಾರೆ. ಫೋನಿನ ಲಾಕ್ ತೆಗೆದು ಕೊಡಿ. ಪಾಸ್‌ವರ್ಡ್ ಕೇಳಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ಹೊರಗೆ ಬಂದ ಕೂಡಲೇ ಮಾವಶಿ (ಆಸ್ಪತ್ರೆಯ ಆಯಾ) "ಪೇಢೆನಾ ಬರ್ಫಿನಾ" ಅಂತ ಶುರು ಮಾಡುತ್ತಾಳೆ, ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ. ನಗುನಗುತ್ತಾ ಕೊಡಿ. ರಾತ್ರಿಯಿಡೀ ನಿಮ್ಮ ಬಟ್ಟೆ ಬದಲಾಯಿಸಿದವಳು ಅವಳು.

ಪುಣೆ ಕೊತ್ರೂಡಿನಿಂದ

ನಾವು ಫೋಟೋಗ್ರಾಫರನ್ನು ಗೊತ್ತು ಮಾಡಿದ್ದೆವು. ಒಳ್ಳೆಯ ಹುಡುಗಿ, ಕೆಲಸವೂ ಚೆನ್ನಾಗಿತ್ತು. 38ನೇ ವಾರದಿಂದ ಯಾವಾಗ ಕರೆದರೂ ಬರುತ್ತೇನೆ ಅಂತ ಒಪ್ಪಂದ. ನನ್ನ ಮಗ ಆರಿಸಿಕೊಂಡ ದಿನ ಅನಂತ ಚತುರ್ದಶಿ, ಗಣಪತಿ ಬಿಡುವ ದಿನ. ಪುಣೆಯಲ್ಲಿರುವವರಿಗೆ ಬೇರೆ ಏನೂ ಹೇಳಬೇಕಿಲ್ಲ. ಲಕ್ಷ್ಮಿ ರೋಡಿನ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಪೇಟೆಗಳ ರಸ್ತೆ ಎಲ್ಲಾ ಬಂದ್. ಅವಳು ನಾರಾಯಣ ಪೇಟೆಯಲ್ಲಿ ಸಿಕ್ಕಿಬಿದ್ದಳು. ಬರುವ ಹೊತ್ತಿಗೆ ಮಗುವಿಗೆ ಮೂರು ಗಂಟೆ ವಯಸ್ಸು. ಹೊರಗೆ ಢೋಲ್, ತಾಶಾ. ಒಳಗೆ ಇವನು.

ಫೋಟೋ ತೆಗೆದದ್ದು ಧಾರವಾಡದಿಂದ ಬಂದಿದ್ದ ನನ್ನ ಅಕ್ಕ, ತನ್ನ ಹಳೇ ಫೋನಿನಲ್ಲಿ. ಅವಳಿಗೆ ಫೋಟೋ ಬರುವುದಿಲ್ಲ. ಹೇಗೆ ತೆಗೆಯಬೇಕು ಅಂತ ಗೊತ್ತಿಲ್ಲದ್ದಕ್ಕೋ ಏನೋ, ಎಲ್ಲರೂ ಮಗುವನ್ನು ನೋಡುತ್ತಿದ್ದಾಗ ಅವಳು ನನ್ನನ್ನು ನೋಡುತ್ತಿದ್ದಳು. ಬೆವರಿನಿಂದ ಕೂದಲು ಹಣೆಗೆ ಅಂಟಿದೆ, ಬಾಯಿ ಅರ್ಧ ತೆರೆದಿದೆ, ಚೆಂದ ಏನೂ ಇಲ್ಲ. ಆ ದಿನದ್ದು ನನ್ನ ಮುಖ ಇರುವ ಒಂದೇ ಫೋಟೋ ಅದು. ಮಗುವಿನದ್ದಾದರೆ ಸಾವಿರ ಇವೆ. ಯಾರಿಗೇ ಫೋನ್ ಕೊಡಿ, "ನನ್ನ ಮುಖಾನೂ ತೆಗಿ" ಅಂತ ಒಂದು ಮಾತು ಹೇಳಿಡಿ.

ಫೋಟೋಗ್ರಾಫರನ್ನು ಕರೆಸುವುದೇ ಆದರೆ ಕೇಳಿಕೊಳ್ಳಿ: ಅವರು ಬರಲಾಗದಿದ್ದರೆ ಬದಲಿಗೆ ಯಾರು, ಓಟಿಗೆ ಬಿಡದಿದ್ದರೆ ದುಡ್ಡಿನ ಲೆಕ್ಕ ಏನು, ನಮ್ಮ ಫೋಟೋವನ್ನು ತಮ್ಮ ಪ್ರಚಾರಕ್ಕೆ ಹಾಕುತ್ತಾರಾ. ಕೊನೆಯದನ್ನು ಬರೆಸಿಕೊಳ್ಳಿ. ಕೊಟ್ಟ ತಾರೀಖಿಗೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ, ಹಾಗಾಗಿ ತಾರೀಖು ನಂಬಿ ಯಾರನ್ನೂ ಗೊತ್ತು ಮಾಡಬೇಡಿ.

ವಾಸ್ಕೋದಿಂದ

ಸಣ್ಣ ಮಾತು, ಆದರೆ ಯಾರೂ ಹೇಳಿಲ್ಲ. ಆಗಸ್ಟ್, ಗೋವಾದ ಮಳೆ. ಒಳಗೆ ಎಸಿ ಚಳಿ. ಮಗು ಎತ್ತಿಕೊಂಡು ಕಾರಿಡಾರಿಗೆ ಬಂದೆವು, ಅಲ್ಲಿ ನನ್ನ ಅಮ್ಮ ಹಾವೇರಿಯಿಂದ ಬಂದು ಬೆಳಗಿನಿಂದ ಕಾಯುತ್ತಿದ್ದರು. ಮೊಮ್ಮಗಳನ್ನು ಮೊದಲ ಸಲ ನೋಡಿದ ಫೋಟೋ ತೆಗೆದೆ. ಲೆನ್ಸ್ ಮೇಲೆ ಪೂರ್ತಿ ಮಂಜು. ತಣ್ಣಗಿನ ಗಾಜು ಸೆಖೆಗೆ ಬಂದರೆ ಆವಿ ಕೂರುತ್ತದೆ, ಕನ್ನಡಕ ಹಾಕುವವರಿಗೆ ಗೊತ್ತು. ಒರೆಸಿದರೂ ಮತ್ತೆ ಕೂತಿತು. ಹೊರಗೆ ಬರುವ ಮೊದಲು ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೊರಗೆ ಬಂದ ಮೇಲೆ ಹತ್ತಿಪ್ಪತ್ತು ನಿಮಿಷ ಹಾಗೇ ಬಿಡಬೇಕಂತೆ. ಅಷ್ಟು ಹೊತ್ತು ಅಜ್ಜಿಯನ್ನು ಕಾಯಿಸುವವರು ಯಾರು? ಇನ್ನೊಂದು ಫೋನನ್ನು ಹೊರಗೇ ಯಾರ ಕೈಯಲ್ಲಾದರೂ ಕೊಟ್ಟಿಡಿ.

ಠಾಣೆಯಿಂದ

ನನ್ನ ಅನುಭವ ಚೆನ್ನಾಗಿಲ್ಲ, ಆದರೂ ಹೇಳುತ್ತೇನೆ. ನಾನು ಇನ್ನೂ ಓಟಿಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಾ ಮಲಗಿದ್ದಾಗಲೇ ಮಗುವಿನ ಫೋಟೋ ಎರಡೂ ಮನೆಯ ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ನಾನು ಮಗುವಿನ ಮುಖ ಸರಿಯಾಗಿ ನೋಡುವ ಮೊದಲೇ ನಾಗ್ಪುರದ ಚಿಕ್ಕಮ್ಮ ಮೂಗು ಯಾರದ್ದು ಅಂತ ತೀರ್ಮಾನ ಮಾಡಿದ್ದರು. ಮರುದಿನ ಹಾಲು ಕುಡಿಸುವಾಗಿನ ಒಂದು ಫೋಟೋನೂ ಹೋಯಿತು. ಗೌನ್ ಜಾರಿತ್ತು. ಇವರು ನೋಡಿರಲಿಲ್ಲ, ಮಗುವನ್ನೇ ನೋಡಿದ್ದರಂತೆ. ಅಳಿಸುವಷ್ಟರಲ್ಲಿ ಎಷ್ಟು ಜನ ನೋಡಿದರೋ.

ಕಳಿಸುವ ಮೊದಲು ಹೆತ್ತವಳಿಗೆ ತೋರಿಸಬೇಕು. ಇದು ನಿಮ್ಮ ಯಜಮಾನರ ಹತ್ತಿರ ಈಗಲೇ ಆಗಬೇಕಾದ ಮಾತು. ಮಗುವಿನ ಕೈಗೆ ಕಟ್ಟುವ ಪಟ್ಟಿಯಲ್ಲಿ ನಿಮ್ಮ ಹೆಸರು, ಆಸ್ಪತ್ರೆಯ ನಂಬರ್ ಇರುತ್ತದೆ, ಅದೂ ಕಾಣದ ಹಾಗೆ ನೋಡಿಕೊಳ್ಳಿ.

ಸಾಂತಾಕ್ರೂಜ್‌ನಿಂದ, ಮದುವೆ ಫೋಟೋಗ್ರಾಫರ್

ಮದುವೆ ನನ್ನ ಹೊಟ್ಟೆಪಾಡು. ಹೆರಿಗೆ ಐದಾರು ತೆಗೆದಿದ್ದೇನೆ, ಎಲ್ಲಾ ಗುರುತಿನವರದ್ದೇ. ಮುಲುಂಡ್‌ನವರು ಹೇಳಿದ 1/100 ಸರಿ. 50 ಎಂಎಂ ಅಥವಾ 35 ಎಂಎಂ, ಕಡಿಮೆ ಬೆಳಕಿಗೆ ಆಗುವ 1.8 ಲೆನ್ಸ್ ಸಾಕು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 6400ಕ್ಕೆ ಹೋದರೂ ಹೆದರಬೇಡಿ. ಓಟಿಯ ದೊಡ್ಡ ದೀಪದ ಕೆಳಗೆ ಬೆಳಕು ಸುರಿಯುತ್ತದೆ, ಪಕ್ಕದಲ್ಲೇ ಕತ್ತಲು. ಕ್ಯಾಮೆರಾ ತಾನಾಗಿ ಲೆಕ್ಕ ಹಾಕಿದರೆ ಮಗು ಬೆಳ್ಳಗೆ ಸುಟ್ಟುಹೋಗುತ್ತದೆ. ಒಂದು ಸ್ಟಾಪ್ ಕಡಿಮೆ ಇಡಿ, ಅಂದರೆ ಬೆಳಕು ಅರ್ಧಕ್ಕೆ. ಫೋನಾದರೆ ಮಗುವಿನ ಮುಖದ ಮೇಲೆ ಬೆರಳು ಒತ್ತಿ ಹಿಡಿದು, ಬೆಳಕು ಇಳಿಸಿ. ಹಸಿರು ಬಟ್ಟೆಯ ಬಣ್ಣ ಮೈಗೆ ಹೊಡೆದಿದ್ದರೆ ಕಪ್ಪು ಬಿಳುಪು ಮಾಡಿಬಿಡಿ, ತಿಣುಕಬೇಡಿ.

ಫೋನಿನ ಲೆನ್ಸ್ ಒರೆಸಿ. ಜಾಗ ಖಾಲಿ ಮಾಡಿಡಿ. "ಸ್ಟೋರೇಜ್ ಫುಲ್" ಅಂತ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ಗೋಡೆಯ ಗಡಿಯಾರ ಒಂದು ಫ್ರೇಮಿನಲ್ಲಿ ಬರಲಿ. ತೂಕದ ಯಂತ್ರದ ಮೇಲೆ ಅಂಕಿ ಕಾಣುವ ಹಾಗೆ ಒಂದು. ಇವೆರಡು ಫೋಟೋವನ್ನು ಮನೆಯ ಹಿರಿಯರು ಮೊದಲು ಕೇಳುತ್ತಾರೆ, ಅನುಭವದ ಮಾತು.

ಪಿಂಪ್ರಿಯಿಂದ

ನಿಮ್ಮ ಅತ್ತೆಯ ಪರವಾಗಿ ಒಬ್ಬಳಾದರೂ ಮಾತಾಡಬೇಕಲ್ಲ. ನನಗೆ ಮೂರು ಮಕ್ಕಳು, ಮೂರೂ ಬಿಜಾಪುರದಲ್ಲಿ ನನ್ನವ್ವನ ಹತ್ತಿರ. ಒಂದು ಹೆರಿಗೆಯದ್ದೂ ಫೋಟೋ ಇಲ್ಲ. ತೊಟ್ಟಿಲಿಗೆ ಹಾಕಿದ ದಿನದ್ದೇ ಮೊದಲನೆಯದು, ಕೆನ್ನೆಗೆ ಕಪ್ಪು ಬೊಟ್ಟು ಇಟ್ಟು. ಬೇಕಿತ್ತು ಅಂತ ಒಂದು ದಿನವೂ ಅನಿಸಿಲ್ಲ. ನನ್ನವ್ವ ನನ್ನ ಬೆನ್ನು ತಿಕ್ಕುತ್ತಾ ಏನೇನು ಬೈದಳು ಅಂತ ಎಲ್ಲಾ ನೆನಪಿದೆ. ತೆಗೆಸಿಕೊಳ್ಳುವವರು ತೆಗೆಸಿಕೊಳ್ಳಲಿ. ಬೇಡ ಅನ್ನುವವರು ಹಿಂದುಳಿದವರು ಅಂತ ಅಂದುಕೊಳ್ಳಬೇಡಿ, ಅಷ್ಟೇ.

ಡೊಂಬಿವಲಿಯಿಂದ, ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಮಲಗಿದ್ದಲ್ಲೇ ಬರೆಯುತ್ತಿದ್ದೇನೆ. ಬಿಪಿ ಇಳಿಯಲಿಲ್ಲ, 37 ವಾರಕ್ಕೇ ಸಿಸೇರಿಯನ್ ಮಾಡಿದರು. ಬರ್ಫಿ! 2 ಕಿಲೋ 600 ಗ್ರಾಂ. ಇಬ್ಬರೂ ಆರಾಮ.

ಇವರನ್ನು ಒಳಗೆ ಬಿಡಲಿಲ್ಲ. ಕ್ಯಾಮೆರಾ ಬ್ಯಾಗು ಇಡೀ ದಿನ ಕುರ್ಚಿ ಮೇಲೆ ಕೂತಿತ್ತು, ಅದರ ಪಕ್ಕ ಇವರು. ಚೆಂಬೂರಿನ ಸಿಸ್ಟರ್ ಅಕ್ಕ ಹೇಳಿದ ಹಾಗೆ ಅನಸ್ತೇಷಿಯಾ ಡಾಕ್ಟರನ್ನು ಮೊದಲೇ ಕೇಳಿದ್ದೆ. "ನನ್ನ ಮುಖಾನೂ" ಅಂತಲೂ ಹೇಳಿದ್ದೆ. ನಾಲ್ಕು ಫೋಟೋ ತೆಗೆದುಕೊಟ್ಟರು. ಒಂದರಲ್ಲಿ ಅವಳ ಕೆನ್ನೆ ನನ್ನ ಕೆನ್ನೆಗೆ ತಾಗಿದೆ, ನನ್ನ ಕಣ್ಣೀರು ಕಿವಿಗೆ ಇಳಿಯುತ್ತಿದೆ. ಅತ್ತೆ ಅದನ್ನು ತುಂಬಾ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಸಂಜೆ ತಮ್ಮ ಫೋನಿಗೂ ಹಾಕಿಕೊಡು ಅಂದರು.

ಅಪ್ಪನಿಗೆ ಕಳಿಸಿದ್ದು ಮೂರು. ಅವರು ಮೊದಲು ದೊಡ್ಡದು ಮಾಡಿ ನೋಡಿದ್ದು ಮೊಮ್ಮಗಳನ್ನಲ್ಲ, ಹಿಂದಿನ ಗಡಿಯಾರವನ್ನು. ಜಾತಕಕ್ಕೆ. ಗಡಿಯಾರದಲ್ಲಿ 10:47. ಅದು ಸ್ವಲ್ಪ ಮುಂದೆ ಇದೆ ಅಂತ ಸಿಸ್ಟರ್ ಹೇಳುತ್ತಾರೆ. ಫೋನಿನ ಪ್ರಕಾರ ಆ ಫೋಟೋ 10:41ರದ್ದು. ಆಸ್ಪತ್ರೆಯ ಕಾಗದದಲ್ಲಿ ಹುಟ್ಟಿದ ಹೊತ್ತು 10:38. ಬೆಳಗಿನಿಂದ ನಾಲ್ಕು ಸಲ ಫೋನ್ ಬಂತು, ಯಾವುದನ್ನು ಹಿಡಿಯಲಿ ಅಂತ.