ಮಗನ ಕೆಳದವಡೆಯಲ್ಲಿ ಗಡ್ಡೆ: ದವಡೆ ಕತ್ತರಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 14 ವರ್ಷ. ಗದ್ದದ ಎಡಪಕ್ಕ ಊದಿಕೊಂಡಿದೆ, ನೋವಿಲ್ಲ. ಅಲ್ಲಿನ ಹಾಲುಹಲ್ಲು ಇನ್ನೂ ಬಿದ್ದಿಲ್ಲ. ಎಕ್ಸ್‌ರೇ ನೋಡಿದರೆ ಕೋರೆಹಲ್ಲು ಮೂಳೆಯೊಳಗೇ ಇದೆ, ಸುತ್ತ ಕಪ್ಪಾಗಿ ಕಾಣುತ್ತೆ. ಮೊದಲು ಸಿಸ್ಟ್ (ನೀರು ತುಂಬಿದ ಚೀಲ) ಅಂದರು. ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡೋ ಪರೀಕ್ಷೆ) ‘ಅಡಿನೊಮಟಾಯ್ಡ್ ಓಡಾಂಟೋಜೆನಿಕ್ ಟ್ಯೂಮರ್’, ಅಂದರೆ ಹಲ್ಲು ಹುಟ್ಟಿಸುವ ಅಂಗಾಂಶದ ಗಡ್ಡೆ ಅಂತ ಬಂತು. ಇದು ಹುಡುಗಿಯರ ಮೇಲ್ದವಡೆಗೆ ಬರೋದು ಅಂತ ಓದಿದೆ. ರಿಪೋರ್ಟ್ ತಪ್ಪಾ? ನಮ್ಮ ಭಾವ ಬೇರೆ, ಯಾರಿಗೋ ಅರ್ಧ ದವಡೆನೇ ತೆಗೆದರು ಅಂತ ಹೆದರಿಸ್ತಿದ್ದಾರೆ.

ಉತ್ತರ: ಮೊದಲು ಭಾವನವರ ಮಾತು ಬಿಡಿ, ಮೇಡಂ. ಅವರು ಹೇಳ್ತಿರೋದು ಬಹುಶಃ ಅಮೆಲೋಬ್ಲಾಸ್ಟೋಮಾ ಅನ್ನೋ ದವಡೆಯ ಇನ್ನೊಂದು ಗಡ್ಡೆ. ಅದು ಮೂಳೆಯೊಳಗೆ ಬೇರು ಬಿಟ್ಟ ಹಾಗೆ ಹರಡುತ್ತೆ, ಅದಕ್ಕೇ ಮೂಳೆ ಸಮೇತ ತೆಗೀತಾರೆ. ನಿಮ್ಮ ಮಗನದು ಕ್ಯಾನ್ಸರ್ ಅಲ್ಲ, ಅಮೆಲೋಬ್ಲಾಸ್ಟೋಮಾನೂ ಅಲ್ಲ. ಹಿಂದೆ ನಿಮ್ಮ ಮಗನಿಗಿರೋ ಈ ಗಡ್ಡೆಯನ್ನು ಅಡಿನೊ-ಅಮೆಲೋಬ್ಲಾಸ್ಟೋಮಾ ಅಂತಿದ್ದರು. ಆ ಹೆಸರಿನಿಂದಲೇ ಎಷ್ಟೋ ಜನಕ್ಕೆ ಬೇಡದ ದೊಡ್ಡ ಆಪರೇಷನ್ ಆಯ್ತು. ಈಗಿನ ಹೆಸರು 1969ರಲ್ಲಿ ಸೂಚಿಸಿದ್ದು.

ನೀವು ಓದಿದ್ದು ಸರಿ. ಸುಮಾರು ಮೂರರಲ್ಲಿ ಎರಡು ಕೇಸು ಮೇಲ್ದವಡೆಯವು, ಮೂರರಲ್ಲಿ ಎರಡು ಹೆಣ್ಣುಮಕ್ಕಳಲ್ಲಿ. ಅಂದರೆ ಉಳಿದ ಒಂದು ಪಾಲು ಬೇರೆ ಕಡೆ ಇರಲೇಬೇಕು ಅಲ್ವಾ? ನಿಮ್ಮ ಮಗ ಎರಡರಲ್ಲೂ ಆ ಸಣ್ಣ ಪಾಲಿಗೆ ಸೇರಿದ್ದಾನೆ. ವಯಸ್ಸು, ಹೊರಗೆ ಬರದ ಕೋರೆಹಲ್ಲು ಎರಡೂ ಇದಕ್ಕೆ ಹೊಂದುತ್ತವೆ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ. ಸಿಸ್ಟ್ ಆದರೆ ಸಾಮಾನ್ಯವಾಗಿ ಹಲ್ಲಿನ ಕುತ್ತಿಗೆಗೆ ಕಟ್ಟಿದ ಚೀಲದ ಹಾಗೆ ಅಲ್ಲಿಗೇ ನಿಲ್ಲುತ್ತೆ. ಈ ಗಡ್ಡೆ ಹೆಚ್ಚಾಗಿ ಕುತ್ತಿಗೆ ದಾಟಿ ಬೇರಿನವರೆಗೂ ಇಳಿದಿರುತ್ತೆ. ಕಪ್ಪಿನ ಮಧ್ಯೆ ನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳೂ ಇರಬಹುದು. ಕೆಲವರಲ್ಲಿ ಕಾಣಲ್ಲ, ಆಗ ಸಿಸ್ಟ್ ಅಂದುಕೊಳ್ಳೋದು ಸಹಜ. ಕೊನೆಗೆ ಹೇಳೋದು ಬಯಾಪ್ಸಿಯೇ. ಆದರೂ ಅನುಮಾನ ಇದ್ದರೆ ಅದೇ ಬಯಾಪ್ಸಿ ಸ್ಲೈಡನ್ನು ಇನ್ನೊಬ್ಬ ಓರಲ್ ಪೆಥಾಲಜಿಸ್ಟ್‌ಗೆ (ಬಾಯಿಯ ಗಡ್ಡೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವ ಡಾಕ್ಟರ್) ತೋರಿಸಿ, ಮತ್ತೆ ಚೂರು ತೆಗೆಯೋದು ಬೇಡ.

ಇದಕ್ಕೆ ಸುತ್ತ ದಪ್ಪ ಪೊರೆ ಇರುತ್ತೆ. ಬಾಯಿ ಒಳಗಿಂದಲೇ ಪೊರೆ ಸಮೇತ ಬಿಡಿಸಿ ತೆಗೆದರೆ ಸಾಕು. ಮತ್ತೆ ಬರೋದು ತೀರಾ ಅಪರೂಪ.

ಪ್ರಶ್ನೆ: ಉಸಿರು ಬಂತು ಡಾಕ್ಟ್ರೇ! ಆ ಕೋರೆಹಲ್ಲು ಉಳಿಯುತ್ತಾ?

ಉತ್ತರ: ಹೆಚ್ಚಾಗಿ ಗಡ್ಡೆ ಜೊತೆಗೇ ಬರುತ್ತೆ. ಅಪರೂಪಕ್ಕೆ ಹಲ್ಲು ಬಿಡಿಸಿಕೊಂಡರೆ ಕ್ಲಿಪ್ ಹಾಕಿ ಎಳೆಯಬಹುದು, ಆದರೆ ಹಲ್ಲಿಗೋಸ್ಕರ ಗಡ್ಡೆ ಚೂರು ಉಳಿಸಬಾರದು. ಆಪರೇಷನ್‌ಗೆ ಮೊದಲೇ ಕ್ಲಿಪ್ ಹಾಕುವ ಡಾಕ್ಟರಿಗೂ ಎಕ್ಸ್‌ರೇ ತೋರಿಸಿ. ಕೆಳತುಟಿಯ ನರ ಅಲ್ಲೇ ಹತ್ತಿರ ಹಾದು ಹೋಗುತ್ತೆ, ತುಟಿ ಸ್ವಲ್ಪ ದಿನ ಜೋಮು ಹಿಡಿಯಬಹುದಾ ಅಂತ ಸರ್ಜನ್ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ.